ಮಲಗಿದವರ ಮಗ್ಗುಲಲ್ಲಿ ಎಚ್ಚರವಿರುವವರಿಗೂ ನಿದ್ದೆ ಬೇಕು



ಬೀಜ, ಗೊಬ್ಬರ, ಹುಳುಬಾಧೆ ಇವುಗಳ ವಿಷಯವಾಗಿಯೇ ಬರೆಯುತ್ತ ಬಂದ ನಾನು ಈ ಸಲ ನಿದ್ದೆಯ ವಿಷಯ ಎತ್ತಿಕೊಂಡದ್ದನ್ನು ಕಂಡು ಕೆಲವರಿಗೆ ನಗು ಬರಬಹುದು. ಆದರೆ ಈಚೆಗೆ ರಾಗಿ ಪೈರು ನೋಡಲು ಹೋದ ಒಂದು ಮನೆಯಲ್ಲಿ ಕಂಡದ್ದನ್ನು ಹೇಳದೆ ಇರಲಾರೆ. ಹೊಲದಲ್ಲಿ ಕಳೆ ಹಾಗೆಯೇ ನಿಂತಿತ್ತು. ಕಾರಣ ಕೇಳಿದರೆ ಯಜಮಾನರು, "ಏನು ಮಾಡೋಣ ಸ್ವಾಮಿ, ನಮ್ಮವ್ವ ಹಾಸಿಗೆ ಹಿಡಿದು ನಾಲ್ಕು ತಿಂಗಳಾಯಿತು. ಮನೆಯವಳು ರಾತ್ರಿಯೆಲ್ಲ ಅವಳ ಹತ್ತಿರ ಇರುತ್ತಾಳೆ. ಹಗಲು ಹೊಲಕ್ಕೆ ಬಂದರೆ ಕುಳಿತಲ್ಲೇ ತೂಕಡಿಸುತ್ತಾಳೆ" ಎಂದರು. ಆ ತಾಯಿ ನನಗೆ ಮಜ್ಜಿಗೆ ತಂದುಕೊಟ್ಟು ಕಂಬಕ್ಕೆ ಒರಗಿದರು. ನಿಂತಲ್ಲೇ ಅವರ ಕಣ್ಣು ಮುಚ್ಚಿತು.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಾನು ಕೃಷಿ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದಾಗ ನಮ್ಮ ಅಜ್ಜಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಹನ್ನೊಂದು ತಿಂಗಳು ನಮ್ಮವ್ವ ಒಬ್ಬಳೇ ರಾತ್ರಿ ಕಾವಲಿದ್ದಳು. ನಾನು ರಜೆಗೆ ಬಂದಾಗಲೆಲ್ಲ ಅವಳು ಮಾಡಿದ ರೊಟ್ಟಿ ತಿಂದು ಹೋಗುತ್ತಿದ್ದೆನೇ ಹೊರತು, ಎಷ್ಟು ಹೊತ್ತು ಮಲಗುತ್ತೀಯವ್ವ ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ಬೆಳಗ್ಗೆ ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟು ಕೊಡುತ್ತಿದ್ದಾಗ ಅವಳಿಗೆ ಕ್ಷಣ ಮಾತ್ರ ಜೋಂಪು ಹತ್ತಿತು. ದಂಟಿನೊಡನೆ ಕೈಯೂ ಹೋಯಿತು. ಎಡಗೈಯ ಎರಡು ಬೆರಳುಗಳ ತುದಿ ಈಗ ಇಲ್ಲ. ಊರವರು ಗ್ರಹಚಾರವೆಂದರು. ಹನ್ನೊಂದು ತಿಂಗಳ ನಿದ್ದೆಯ ಬಾಕಿ ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಈ ಲೆಕ್ಕವನ್ನು ಬಲ್ಲವರು ಹಾಕಿದ್ದಾರೆ. 17 ಗಂಟೆ ಎಡೆಬಿಡದೆ ಎಚ್ಚರವಿದ್ದವರ ಕೈ ಕಣ್ಣುಗಳು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರ ಕೈ ಕಣ್ಣುಗಳಷ್ಟೇ ಮಂದವಾಗುತ್ತವೆಂದು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ತೋರಿಸಿಕೊಟ್ಟರು. ನಮ್ಮ ದೇಶದ ಕಾನೂನಿನಲ್ಲಿ 30 ಮಿಲಿಗ್ರಾಂ ಮೀರಿದವರು ವಾಹನ ನಡೆಸುವಂತಿಲ್ಲ. ಬೆಳಗಿನ 5ಕ್ಕೆ ಎದ್ದ ಹೆಂಗಸಿಗೆ ರಾತ್ರಿ 10ಕ್ಕೇ 17 ಗಂಟೆ ತುಂಬುತ್ತದೆ. ಅವಳ ರಾತ್ರಿ ಕೆಲಸ ಅಲ್ಲಿಂದ ಮುಂದೆ ಶುರು. ಅದೇ ಕೈಯಿಂದ ಮಾತ್ರೆ ಎಣಿಸಬೇಕು, ಬಿಸಿನೀರು ಇಳಿಸಬೇಕು.

ವಯಸ್ಕರಿಗೆ ದಿನಕ್ಕೆ 7 ಗಂಟೆಗೆ ಕಡಿಮೆ ಇಲ್ಲದ ನಿದ್ದೆ ಬೇಕು. ಅದು ಒಟ್ಟಾಗಿ ದೊರೆಯುವುದೂ ಮುಖ್ಯ. ದಿನಕ್ಕೆ ಆರು ಸಲ ಚಿಮುಕಿಸಿದ ನೀರು ಮೇಲ್ಮಣ್ಣನ್ನು ತೋಯಿಸುತ್ತದೆ, ಬೇರಿಗೆ ಇಳಿಯುವುದಿಲ್ಲ. ಆರು ಸಲ ಎದ್ದು ಮಲಗಿದ ನಿದ್ದೆಯೂ ಹಾಗೆಯೇ.

ಬೆರಳು ಹೋದ ಮೇಲೆ ನಮ್ಮ ಮನೆಯಲ್ಲಿ ರಾತ್ರಿಯನ್ನು ಎರಡು ಪಾಳಿ ಮಾಡಿದೆವು. ಅವ್ವ ರಾತ್ರಿ 8ಕ್ಕೆ ಊಟ ಮುಗಿಸಿ ಹಿಂದಿನ ಕೋಣೆಯಲ್ಲಿ ಮಲಗುವಳು. ರೋಗಿಯ ಪಕ್ಕದಲ್ಲೇ ಮಲಗಿದರೆ ಕಿವಿ ಎಚ್ಚರವಾಗಿಯೇ ಇರುತ್ತದೆ, ಆದುದರಿಂದ ಬೇರೆ ಕೋಣೆ ಬೇಕು. 1 ಗಂಟೆಯವರೆಗೆ ಅಪ್ಪನ ಪಾಳಿ, ಅನಂತರ ಅವ್ವನದು. ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಷ್ಟೆ. 8, 10, 12ರದು ಅಪ್ಪ, 2, 4, 6ರದು ಅವ್ವ. ಮಧ್ಯಾಹ್ನ ಊಟವಾದ ಮೇಲೆ ಅವ್ವ ಮತ್ತೆ ಎರಡು ಗಂಟೆ ಮಲಗುವಳು. ಐದು ಮತ್ತು ಎರಡು, ಏಳಾಯಿತು. ಆ ಎರಡು ಗಂಟೆ ಯಾರೂ ಅವಳನ್ನು ಕರೆಯಕೂಡದೆಂದು ಕಟ್ಟು ಮಾಡಿದೆವು. ಇದೇ ಎಲ್ಲಕ್ಕಿಂತ ಕಷ್ಟವಾಯಿತೆಂದು ಹೇಳಬೇಕು, ಏಕೆಂದರೆ ಹಗಲು ಮಲಗಿದ ಸೊಸೆಯನ್ನು ಕಂಡರೆ ಬಂದವರೆಲ್ಲ ಒಂದು ಮಾತು ಆಡುತ್ತಾರೆ.

"ಗಂಡಸರು ಮಾಡುವ ಕೆಲಸವೇ ಇದು?" ಎಂದು ಅಪ್ಪನೂ ಮೊದಲು ಹಿಂಜರಿದರು. ಮಗನ ಕೈಯಲ್ಲಿ ಬಟ್ಟೆ ಬದಲಿಸಿಕೊಳ್ಳಲು ಅಜ್ಜಿಗೂ ಸಂಕೋಚ. ಅದು ಸಹಜವೇ, ಅದನ್ನು ತಳ್ಳಿಹಾಕಬಾರದು. ನೀರು ಕುಡಿಸುವುದು, ಮಗ್ಗುಲು ಬದಲಿಸುವುದು, ಮಾತಾಡಿಸುವುದು ಅಪ್ಪನದು. ಬಟ್ಟೆ ಬದಲಿಸಬೇಕಾದರೆ ಮಾತ್ರ ಅವ್ವನನ್ನು ಎಬ್ಬಿಸುವುದು ಎಂದು ಮಾಡಿಕೊಂಡೆವು. ಎಂಟು ದಿನಕ್ಕೆ ಒಂದೆರಡು ಸಲ ಎಬ್ಬಿಸಬೇಕಾಯಿತು, ಅಷ್ಟೆ. ಪಂಪಿಗೆ ರಾತ್ರಿ ಕರೆಂಟು ಬಂದಾಗ ಎದ್ದು ತೋಟಕ್ಕೆ ಹೋಗುವ ನಾವು, ಮನೆಯೊಳಗಿನ ಪಾಳಿಗೆ ಏಳಲಾರೆವೆಂದರೆ ಒಪ್ಪುವ ಮಾತಲ್ಲ.

ರಾತ್ರಿಯ ಕೆಲಸವನ್ನೇ ಕಡಿಮೆ ಮಾಡುವ ಉಪಾಯಗಳೂ ಉಂಟು. ರೋಗಿಯನ್ನು ಬೆಳಗಿನ ಬೆಳಕಿನಲ್ಲಿ ಜಗಲಿಯ ಮೇಲೆ ಒರಗಿಸಿ ಕೂರಿಸಿರಿ. ಹಗಲೆಲ್ಲ ಕತ್ತಲ ಕೋಣೆಯಲ್ಲಿ ತೂಕಡಿಸಿದವರು ರಾತ್ರಿ ಎಚ್ಚರವಿದ್ದು ಮನೆಯವರನ್ನೂ ಮಲಗಗೊಡುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ಸಂಜೆ ನುಂಗುತ್ತಿದ್ದರೆ ಅದನ್ನು ಬೆಳಗ್ಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿರಿ, ನೀವಾಗಿ ಬದಲಿಸಬೇಡಿ. ನೋವಿನಿಂದ ನರಳುವವರಿದ್ದರೆ ಅದನ್ನೂ ಹೇಳಿರಿ. ನೋವು ತಗ್ಗಿದರೆ ಇಬ್ಬರಿಗೂ ನಿದ್ದೆ. ಗಾಳಿ ತುಂಬುವ ಹಾಸಿಗೆ ಇದ್ದರೆ ಮಗ್ಗುಲು ಬದಲಿಸುವ ಅಂತರವನ್ನು ಹೆಚ್ಚಿಸಬಹುದೇ ಎಂಬುದನ್ನು ದಾದಿಯರು ಚರ್ಮ ನೋಡಿ ಹೇಳುವರು. ನಮ್ಮ ಅಜ್ಜಿಯ ಮಂಚಕ್ಕೆ ಕರುವಿನ ಕೊರಳ ಗಂಟೆಯನ್ನು ದಾರದಿಂದ ಕಟ್ಟಿ, ದಾರದ ತುದಿಯನ್ನು ಅವಳ ಎಡಗೈಗೆ ಕೊಟ್ಟಿದ್ದೆವು. ಬೇಕಾದಾಗ ಎಳೆಯುವಳೆಂಬ ಧೈರ್ಯ ಬಂದ ಮೇಲೆ ಪಾಳಿಯವರೂ ನಡುವೆ ಕೊಂಚ ಕಣ್ಣು ಮುಚ್ಚಿದರು.

ಪಾಳಿಯವರು ಸಂಜೆಯ ಮೇಲೆ ಕಾಫಿ, ಟೀ ಬಿಡಬೇಕು. ಅವುಗಳ ಪ್ರಭಾವ ಐದಾರು ಗಂಟೆಯಾದರೂ ಉಳಿಯುತ್ತದೆ. ಹೊಗೆಸೊಪ್ಪು, ಬೀಡಿಯೂ ನಿದ್ದೆ ಕೆಡಿಸುತ್ತವೆ. ರೋಗಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಮನೆಯವರು ನುಂಗುವುದಂತೂ ಅಪಾಯ.

ಮನೆಯಲ್ಲಿ ಇಬ್ಬರೇ ಇದ್ದರೆ, ಅಥವಾ ಒಬ್ಬರೇ ಇದ್ದರೆ ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮ ಹೊಲದಲ್ಲೇ ಇದೆ. ನಾಟಿಗೆ, ಕೊಯ್ಲಿಗೆ ನಾವು ಮುಯ್ಯಾಳು ಹೋಗುತ್ತೇವೆ. ಇಂದು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮದಕ್ಕೆ. ರಾತ್ರಿಗೂ ಹೀಗೆ ಮುಯ್ಯಿ ಏಕೆ ಆಗಬಾರದು? ನೋಡಲು ಬರುವ ನೆಂಟರು ಬಿಸ್ಕತ್ತು, ಎಳನೀರು ತರುತ್ತಾರೆ, ಕುಳಿತು ಕಾಫಿ ಮಾಡಿಸಿಕೊಳ್ಳುತ್ತಾರೆ, ಹೋಗುತ್ತಾರೆ. ಅದರ ಬದಲು ಮಗಳೋ ನಾದಿನಿಯೋ ವಾರಕ್ಕೊಂದು ರಾತ್ರಿ ಬಂದು ಕೂತರೆ ಆ ಮನೆಯಾಕೆಗೆ ಒಂದು ಇಡೀ ರಾತ್ರಿ ಸಿಗುತ್ತದೆ. ನೆರೆಯ ಕೇರಳದಲ್ಲಿ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ನೋಡಿಕೊಳ್ಳುವ ಪದ್ಧತಿ ಬೆಳೆದಿದೆ. 2008ರಲ್ಲಿ ಅಲ್ಲಿನ ಸರ್ಕಾರ ಇಂಥ ಆರೈಕೆಗೆ ಒಂದು ನೀತಿಯನ್ನೇ ಮಾಡಿತು.

ಪಾಳಿ ಸಿಕ್ಕಿದರೂ ನಿದ್ದೆ ಬಾರದಿದ್ದರೆ, ಮಲಗಿದವರ ಮೇಲೆ ತಡೆಯಲಾರದ ಸಿಟ್ಟು ಬಂದು ಆಮೇಲೆ ಅಳು ಬರುತ್ತಿದ್ದರೆ, ಇದು ಎರಡು ವಾರ ಮೀರಿದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಬೇಕು. ಬದುಕು ಸಾಕೆಂಬ ಮಾತು ಬಾಯಲ್ಲಿ ಬಂದರಂತೂ ಒಂದು ದಿನವೂ ಕಾಯಬಾರದು. 14416 ಎಂಬ ಟೆಲಿ ಮಾನಸ್ ದೂರವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಗೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಿಟ್ಟು ಬಂತೆಂದು ನಾಚಬೇಕಾದ್ದಿಲ್ಲ. ನಮ್ಮವ್ವನಿಗೂ ಬರುತ್ತಿತ್ತೆಂದು ಅವಳೇ ಈಚೆಗೆ ನನಗೆ ಹೇಳಿದಳು.

ಮುಂಗಾರಿಗೆ ಮೊದಲು ಮಣ್ಣಿನ ಮಾದರಿ ತೆಗೆಯಲು ಪ್ರತಿ ಊರಿಗೂ ಬರುತ್ತೇನೆ. ಹಾಸಿಗೆ ಹಿಡಿದವರಿರುವ ಮನೆಯವರು ಆಗ ನನಗೆ ತಿಳಿಸಿರಿ. ಆಶಾ ಕಾರ್ಯಕರ್ತೆಯನ್ನೂ ಕರೆದುಕೊಂಡು ಬಂದು, ನಿಮ್ಮ ಮನೆಯ ಜನ ನೋಡಿ, ಗೋಡೆಯ ಮೇಲೆ ಪಾಳಿಯ ಪಟ್ಟಿ ಬರೆದು ಹೋಗುತ್ತೇನೆ.