ಬೆಲೆ ಇಳಿದರೂ ಇಳಿಯದ ಎಂಟು ಲೀಟರ್

ಹನ್ನೆರಡು–ಹದಿಮೂರು ವರ್ಷ ಹಳೆಯ ಲಕ್ಷುರಿ ಕೂಪೆಗಳು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇವತ್ತು ಹೊಸ ಕ್ರೆಟಾದ ಬೆಲೆಗೆ ಸಿಗುತ್ತವೆ. ಒಂದು ಕಾಲಕ್ಕೆ ಅರ್ಧ ಕೋಟಿ ದಾಟಿದ್ದ ಕಾರು ಹೀಗೆ ಕೈಗೆಟುಕುವಾಗ ಆಸೆಯಾಗುವುದು ಸಹಜ. ನನಗೂ ಆಯಿತು, ಕೊಂಡೆ, ಕೊಂಡದ್ದಕ್ಕೆ ಸಂತೋಷವಿದೆ. ಆದರೆ ಮಾರುವವರ ಮುಂದೆ ಕೂತಾಗ ನಾನು ಮೊದಲು ಕೇಳಿದ್ದು, ಈ ಎಂಜಿನ್ನಿಗೆ ಎಷ್ಟು ಲೀಟರ್ ಆಯಿಲ್ ಬೇಕು ಎಂದು. ಕಾರಿನ ಬೆಲೆ ವರ್ಷವರ್ಷಕ್ಕೆ ಇಳಿಯುತ್ತದೆ. ಅದರ ಆಯಿಲ್ ಸಂಪ್ ಮಾತ್ರ ಶೋರೂಮಿನಿಂದ ಹೊರಬಿದ್ದ ದಿನ ಎಷ್ಟು ಕೇಳುತ್ತಿತ್ತೋ ಈಗಲೂ ಅಷ್ಟೇ ಕೇಳುತ್ತದೆ. ಕಾರನ್ನು ಕಾಲುಭಾಗದ ಬೆಲೆಗೆ ಕೊಂಡವರಿಗೆ ಸರ್ವಿಸ್ ಕಾಲುಭಾಗಕ್ಕೆ ಆಗುವುದಿಲ್ಲ.

ನನ್ನದು ಮರ್ಸಿಡಿಸ್ ಇ 350 ಕೂಪೆ. 3.5 ಲೀಟರಿನ ವಿ6 ಪೆಟ್ರೋಲ್ ಎಂಜಿನ್, ಕಂಪನಿಯ ಭಾಷೆಯಲ್ಲಿ ಎಂ272. ಫಿಲ್ಟರ್ ಸಮೇತ ಬದಲಾಯಿಸಿದರೆ ಇದಕ್ಕೆ 8 ಲೀಟರ್ ಆಯಿಲ್ ಬೇಕು. ಮನೆಯಲ್ಲಿರುವ ಸ್ವಿಫ್ಟ್‌ಗೆ ಸಾಕಾಗುವುದು ಸುಮಾರು 3 ಲೀಟರ್. ಸ್ಪ್ಲೆಂಡರ್ ಬೈಕಿಗೆ ಒಂದು ಲೀಟರೂ ಪೂರ್ತಿ ಹಿಡಿಯುವುದಿಲ್ಲ. ಕೂಪೆಗಳಲ್ಲೇ ಎಷ್ಟು ಅಂತರವಿದೆ ನೋಡಿ: ಆಡಿ ಟಿಟಿಯ ಹಿಂದಿನ ಪೀಳಿಗೆಯ 2 ಲೀಟರ್ ಟರ್ಬೊ ಎಂಜಿನ್ ನಾಲ್ಕೂವರೆ ಲೀಟರಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಬಿಎಂಡಬ್ಲ್ಯು ಎಂ3 ಕೂಪೆಯ 4 ಲೀಟರ್ ವಿ8 ಎಂಜಿನ್ ಕೇಳುವುದು 8.8 ಲೀಟರ್, ಅದೂ ಎಲ್ಲ ಅಂಗಡಿಯಲ್ಲೂ ಸಿಗದ 10ಡಬ್ಲ್ಯು-60 ದರ್ಜೆಯದು. ಮಾರಾಟದ ಜಾಹೀರಾತಿನಲ್ಲಿ ಇವೆಲ್ಲ ಅಕ್ಕಪಕ್ಕ, ಹೆಚ್ಚುಕಡಿಮೆ ಒಂದೇ ಬೆಲೆಗೆ ನಿಂತಿರುತ್ತವೆ. ಸಾಕುವ ಖರ್ಚು ಮಾತ್ರ ಒಂದರದ್ದು ಇನ್ನೊಂದರ ದುಪ್ಪಟ್ಟು.

ಇಷ್ಟೊಂದು ಆಯಿಲ್ ಯಾಕೆ? ಆಯಿಲ್ ಬೇರಿಂಗುಗಳನ್ನು ನುಣುಪಾಗಿಡುತ್ತದೆ, ಅಷ್ಟೇ ಮುಖ್ಯವಾಗಿ ಪಿಸ್ಟನ್ನಿನ ಬಿಸಿಯನ್ನು ಹೊತ್ತು ತರುತ್ತದೆ. ಹೆಚ್ಚು ಶಕ್ತಿ ಹುಟ್ಟಿಸುವ ಎಂಜಿನ್ ಹೆಚ್ಚು ಬಿಸಿಯನ್ನೂ ಹುಟ್ಟಿಸುತ್ತದೆ. ಅದೇ ಬಿಸಿಯನ್ನು ಹೆಚ್ಚು ಲೀಟರ್ ಹಂಚಿಕೊಂಡಾಗ ಆಯಿಲ್ ಬೇಗ ಸವೆಯುವುದಿಲ್ಲ, ಕೊಳೆಯೂ ತೆಳುವಾಗಿ ಹರಡುತ್ತದೆ. ಹೀಗೆ ನೋಡಿದರೆ ದೊಡ್ಡ ಸಂಪ್ ದುಂದುಗಾರಿಕೆಯಲ್ಲ, ಎಂಜಿನಿಯರು ನಮ್ಮ ಪರವಾಗಿ ಕಟ್ಟಿಟ್ಟ ಮೀಸಲು ಹಣ.

ಇನ್ನು ಬಿಲ್ಲಿನ ವಿಷಯ. ಕಾರು ಕೈಗೆ ಬಂದ ಮೇಲೆ ಒಂದು ವರ್ಕ್‌ಶಾಪಿನಲ್ಲಿ ಸರ್ವಿಸ್ ಎಸ್ಟಿಮೇಟ್ ಕೇಳಿದ್ದೆ. ಆಯಿಲಿನ ಸಾಲಿನಲ್ಲಿ 10 ಲೀಟರ್ ಎಂದಿತ್ತು, ಲೀಟರಿಗೆ 1,400 ರೂಪಾಯಿ. ಎಂಟು ಹಿಡಿಯುವ ಎಂಜಿನ್ನಿಗೆ ಹತ್ತು ಯಾಕೆಂದು ಕೇಳಿದೆ. “ವಿ6 ಅಲ್ವಾ ಸಾರ್, ಹತ್ತು ಹಾಕೋದೇ ವಾಡಿಕೆ” ಎಂದರು ಸರ್ವಿಸ್ ಅಡ್ವೈಸರ್. ಮಾಲೀಕರ ಕೈಪಿಡಿಯ ಪುಟ ತೋರಿಸಿದ ಮೇಲೆ ಎಂಟಕ್ಕೆ ತಿದ್ದಿದರು. ಒಂದೇ ಸಾಲಿನಲ್ಲಿ 2,800 ರೂಪಾಯಿ ಉಳಿಯಿತು. ಅದರ ಕೆಳಗೆ ‘ಎಂಜಿನ್ ಫ್ಲಷ್’ ಎಂಬ ಇನ್ನೊಂದು ಸಾಲಿತ್ತು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ ದಾಖಲೆ ಇರುವ ಎಂಜಿನ್ನಿಗೆ ಅದರ ಅಗತ್ಯವಿಲ್ಲವೆಂದು ಅದನ್ನೂ ತೆಗೆಸಿದೆ. ಹೆಚ್ಚು ಬರೆದ ಎರಡು ಲೀಟರನ್ನು ನಿಜಕ್ಕೂ ಸುರಿದರೆ ನಷ್ಟ ಇನ್ನೂ ದೊಡ್ಡದು. ಮಟ್ಟ ಮೀರಿದ ಆಯಿಲನ್ನು ತಿರುಗುವ ಕ್ರ್ಯಾಂಕ್ ಕಡೆದು ನೊರೆಯೆಬ್ಬಿಸುತ್ತದೆ, ನೊರೆ ತುಂಬಿದ ಆಯಿಲ್ ಬೇರಿಂಗನ್ನು ಕಾಯಲಾರದು.

ಈಗ ನನ್ನ ಕ್ರಮ ಬೇರೆ. ನಾಲ್ಕು ಲೀಟರಿನ ಎರಡು ಕ್ಯಾನುಗಳನ್ನು ಜೆ.ಸಿ. ರಸ್ತೆಯ ಬಿಲ್ ಕೊಡುವ ಅಂಗಡಿಯಲ್ಲಿ ನಾನೇ ಕೊಳ್ಳುತ್ತೇನೆ. ಲೀಟರಿಗೆ ಸಾವಿರ ರೂಪಾಯಿ ಬೀಳುತ್ತದೆ. ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿನ ವಾಷರಿಗೆ ಒಂದೂವರೆ ಸಾವಿರ. ಪರಿಚಯದ ಗ್ಯಾರೇಜಿನವರಿಗೆ ಕೂಲಿ ಒಂದೂವರೆ ಸಾವಿರ, ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು ಹನ್ನೊಂದು ಸಾವಿರದ ಮೇಲೆ ಸ್ವಲ್ಪ. ಮೊದಲು ಏಳೂವರೆ ಲೀಟರ್ ಹಾಕಿಸುತ್ತೇನೆ. ಹಳೆಯ ಆಯಿಲ್ ಪೂರ್ತಿ ಇಳಿಯದೆ ಒಳಗೆ ಒಂದಿಷ್ಟು ಉಳಿದೇ ಇರುತ್ತದೆ. ಎಂಜಿನ್ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು, ಮಟ್ಟ ನೋಡಿ ಮಿಕ್ಕದ್ದನ್ನು ಸುರಿಸುತ್ತೇನೆ. ಹೊರಡುವ ಮೊದಲು ಖಾಲಿ ಕ್ಯಾನುಗಳಿಗೆ ತೂತು ಹೊಡೆಯುತ್ತೇನೆ. ದುಬಾರಿ ಆಯಿಲಿನ ಅಚ್ಚುಕಟ್ಟಾದ ಖಾಲಿ ಕ್ಯಾನ್ ಕಲಬೆರಕೆಯವರಿಗೆ ಬೇಕಾದ ವಸ್ತು. ನನ್ನ ಕ್ಯಾನಿನಲ್ಲಿ ಇನ್ನೊಬ್ಬರ ಎಂಜಿನ್ನಿಗೆ ವಿಷ ಹೋಗಬಾರದು. ಬಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ನೋಂದಾಯಿತ ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜನ್ನೇ ಹುಡುಕಿಕೊಂಡಿದ್ದೇನೆ. ಮೋರಿಗೆ ಸುರಿಯುವವರು ನೂರು ರೂಪಾಯಿ ಕಡಿಮೆ ಕೂಲಿ ಕೇಳಿದರೂ ಅವರ ಬಳಿ ಹೋಗುವುದಿಲ್ಲ.

ಉಳಿತಾಯ ಮಾಡಬಾರದ ಜಾಗವೊಂದಿದೆ: ಆಯಿಲಿನ ದರ್ಜೆ. ಈ ಎಂಜಿನ್ನಿಗೆ ಮರ್ಸಿಡಿಸ್‌ನ 229.5 ಅನುಮೋದನೆ ಇರುವ ಸಿಂಥೆಟಿಕ್ ಆಯಿಲ್ ಸರಿ. ನಾನು ಹಾಕಿಸುವುದು 0ಡಬ್ಲ್ಯು-40. ಕ್ಯಾನಿನ ಹಿಂಬದಿಯ ಸಣ್ಣಕ್ಷರ ಓದಿ. ಕಂಪನಿಯ ಅನುಮೋದನೆ ಪಡೆದಿದೆ ಎಂದು ಅಲ್ಲಿ ಸಂಖ್ಯೆ ಸಮೇತ ಬರೆದಿದ್ದರೆ ಕಾರಿನ ಕಂಪನಿಯೇ ಅದನ್ನು ಒಪ್ಪಿ ಪಟ್ಟಿಗೆ ಸೇರಿಸಿದೆ ಎಂದು ಅರ್ಥ. ‘ಈ ಮಟ್ಟಕ್ಕೆ ಸೂಕ್ತ’ ಎಂದಷ್ಟೇ ಇದ್ದರೆ ಅದು ಆಯಿಲ್ ತಯಾರಿಸಿದವರ ಸ್ವಂತ ಮಾತು. ಅರ್ಧ ಬೆಲೆಯ ಆಯಿಲ್ ಹಾಕಿಸಿದರೆ ನನಗೆ ವರ್ಷಕ್ಕೆ ಉಳಿಯುವುದು ನಾಲ್ಕು ಸಾವಿರ. ಈ ವಿ6 ಎಂಜಿನ್ ಬಿಚ್ಚಿ ಕಟ್ಟಿಸಬೇಕಾಗಿ ಬಂದರೆ ಆಗುವ ಖರ್ಚು ಲಕ್ಷಗಳಲ್ಲಿ. ಈ ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿದ ಯಾರೂ ಅಗ್ಗದ ಕ್ಯಾನ್ ಎತ್ತಿಕೊಳ್ಳಲಾರರು.

ಎಷ್ಟು ದಿನಕ್ಕೊಮ್ಮೆ ಎಂಬುದರಲ್ಲಿ ಎರಡು ಬಗೆಯ ಸಲಹೆ ಕಿವಿಗೆ ಬೀಳುತ್ತವೆ. ಹಳೆಯ ಮೆಕ್ಯಾನಿಕ್‌ಗಳು 5,000 ಕಿ.ಮೀ. ಎನ್ನುತ್ತಾರೆ. ಅದು ಮಿನರಲ್ ಆಯಿಲಿನ ಕಾಲದ ಲೆಕ್ಕ. ಕಂಪನಿ ಹೇಳುವುದು 15,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬೆಂಗಳೂರಿನಲ್ಲಿ ಓಡಿಸುವವರು ಕಿಲೋಮೀಟರಿನ ಜೊತೆ ಗಂಟೆಯನ್ನೂ ಎಣಿಸಬೇಕು. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 75 ಕಿ.ಮೀ. ಹೋದರೆ 15,000 ಕಿ.ಮೀ. ಅಂದರೆ 200 ಗಂಟೆಯ ಎಂಜಿನ್ ಕೆಲಸ. ಸಿಲ್ಕ್ ಬೋರ್ಡ್, ಹೆಬ್ಬಾಳದ ನಡುವೆ ಸರಾಸರಿ 20 ಕಿ.ಮೀ. ವೇಗದಲ್ಲಿ ತೆವಳಿದರೆ ಅಷ್ಟೇ ದೂರಕ್ಕೆ 750 ಗಂಟೆ. ಸಿಗ್ನಲ್ಲಿನಲ್ಲಿ ನಿಂತಾಗ ಮೀಟರ್ ತಿರುಗುವುದಿಲ್ಲ, ಆಯಿಲ್ ತಿರುಗುತ್ತಲೇ ಇರುತ್ತದೆ. ಹತ್ತಿರದ ಅಂಗಡಿಗೆ ಹೋಗಿಬರುವ ಓಡಾಟವಂತೂ ಇಂಥ ಕಾರಿಗೆ ಒಳ್ಳೆಯದಲ್ಲ. ಎಂಟು ಲೀಟರ್ ಪೂರ್ತಿ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಅಷ್ಟರೊಳಗೆ ಎಂಜಿನ್ ಆರಿಸಿದರೆ ತೇವ ಮತ್ತು ಸುಡದ ಪೆಟ್ರೋಲ್ ಆಯಿಲಿನಲ್ಲೇ ಉಳಿದುಬಿಡುತ್ತವೆ.

ಆದ್ದರಿಂದ ನನ್ನ ಮಿತಿ 10,000 ಕಿ.ಮೀ. ಅಥವಾ ಒಂದು ವರ್ಷ. ವರ್ಷಕ್ಕೆ ನಾನು ಓಡಿಸುವುದು ಆರು ಸಾವಿರದ ಆಸುಪಾಸು, ಹೆಚ್ಚಿನದು ಮೈಸೂರು ರಸ್ತೆಯಲ್ಲಿ. ಹಾಗಾಗಿ ಪ್ರತಿ ಸಲವೂ ವರ್ಷವೇ ಮೊದಲು ಬರುತ್ತದೆ. ಹನ್ನೊಂದು ಸಾವಿರ ಚಿಲ್ಲರೆಯನ್ನು ಆರು ಸಾವಿರ ಕಿಲೋಮೀಟರಿಗೆ ಹಂಚಿದರೆ ಕಿ.ಮೀ.ಗೆ ಹತ್ತಿರಹತ್ತಿರ ಎರಡು ರೂಪಾಯಿ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿದೆ, ಕಾರು ಕೊಡುವುದು ಏಳು ಕಿ.ಮೀ. ಅಂದರೆ ಇಂಧನಕ್ಕೆ ಕಿ.ಮೀ.ಗೆ 15 ರೂಪಾಯಿ. ಕಡಿಮೆ ಓಡಿಸಿದರೆ ಖರ್ಚೂ ಕಡಿಮೆ ಎಂದುಕೊಂಡು ಈ ಕಾರುಗಳನ್ನು ಕೊಳ್ಳುವವರು ಈ ಎರಡು ರೂಪಾಯಿಯನ್ನು ಗಮನಿಸಬೇಕು. ಪೆಟ್ರೋಲಿನ ಖರ್ಚು ಓಡಿಸಿದಷ್ಟೇ, ಆಯಿಲ್ ಖರ್ಚು ಕಾರು ಷೆಡ್ಡಿನಲ್ಲಿ ನಿಂತರೂ ಬರುತ್ತದೆ. ವರ್ಷಕ್ಕೆ ಮೂರೇ ಸಾವಿರ ಕಿ.ಮೀ. ಓಡಿಸುವವರಿಗೆ ಆ ಎರಡು ರೂಪಾಯಿ ನಾಲ್ಕಾಗುತ್ತದೆ.

ಈ ಖರ್ಚಿಗಾಗಿ ಬ್ಯಾಂಕಿನಲ್ಲಿ ತಿಂಗಳಿಗೆ 1,500 ರೂಪಾಯಿಯ ಒಂದು ವರ್ಷದ ಆರ್‌ಡಿ ಮಾಡಿದ್ದೆ. ವರ್ಷಕ್ಕೆ ಕಟ್ಟಿದ್ದೇ 18,000. ಆಯಿಲ್ ಹೋಗಿ ಉಳಿದದ್ದರಲ್ಲಿ ಏರ್ ಫಿಲ್ಟರ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ಫ್ಲೂಯಿಡ್ ಆಗುತ್ತಿತ್ತು.

ಆ ಮೊತ್ತವನ್ನು ಈ ವರ್ಷ ಹೆಚ್ಚಿಸಿದೆ, ಕಾರಣ ವಿಮೆ. ಕೂಪೆಯ ಹೊಟ್ಟೆ ನೆಲಕ್ಕೆ ಹತ್ತಿರ, ನಮ್ಮ ಬಡಾವಣೆಯ ಹಂಪುಗಳು ಯಾವ ಅಳತೆಗೂ ಸಿಗದವು. ಸಂಪಿಗೆ ಪೆಟ್ಟು ಬಿದ್ದು ಆಯಿಲ್ ಸೋರಿ, ಅದು ತಿಳಿಯದೆ ಎರಡು ಕಿಲೋಮೀಟರ್ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ. ಸಾಮಾನ್ಯ ಸಮಗ್ರ ಪಾಲಿಸಿ ಪೆಟ್ಟು ತಿಂದ ಸಂಪಿಗೆ ಹಣ ಕೊಟ್ಟೀತು, ಆಯಿಲ್ ಇಲ್ಲದೆ ಓಡಿ ಹಾಳಾದ ಎಂಜಿನ್ನಿಗೆ ಕೊಡುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್ ಬೇಕು, ಕಾರು ಹಳೆಯದಾದಂತೆ ಅದನ್ನು ಕೊಡುವ ಕಂಪನಿಗಳು ಕಡಿಮೆಯಾಗುತ್ತವೆ. ಕೊಳ್ಳುವ ಮೊದಲೇ ಆ ಮಾದರಿ, ಆ ವರ್ಷದ ಕಾರಿಗೆ ಈ ಆಡ್-ಆನ್ ಸಿಗುತ್ತದೆಯೇ ಎಂದು ಏಜೆಂಟರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ನನ್ನ ಕಾರಿಗೆ ಈ ಸಲದ ನವೀಕರಣದಲ್ಲಿ ಅದು ಸಿಗಲಿಲ್ಲ. ಸಂಪಿನ ಕೆಳಗೆ ಲೋಹದ ರಕ್ಷಾಫಲಕ ಹಾಕಿಸಿ, ಆರ್‌ಡಿಯನ್ನು 2,500 ರೂಪಾಯಿಗೆ ಏರಿಸಿದ್ದೇನೆ.