ಗಡಾಯಿಕಲ್ಲಿನಿಂದ ನರಹರಿಗೆ: ನೇತ್ರಾವತಿ ಕಣಿವೆಯಲ್ಲಿ ಎರಡು ದಿನ

ಬೆಳ್ತಂಗಡಿ ಪೇಟೆ ಹತ್ತಿರವಾಗುತ್ತಿದ್ದಂತೆ ಬಸ್ಸಿನ ಕಿಟಕಿಯಲ್ಲಿ ಒಂದು ಬೋಳು ಬಂಡೆ ಕಾಣಿಸಿಕೊಳ್ಳುತ್ತದೆ. ಅಡಿಕೆ ತೋಟದ ಹಿಂದೆ ಮರೆಯಾಗಿ, ಮುಂದಿನ ತಿರುವಿನಲ್ಲಿ ಮತ್ತೆ ಎದುರಾಗುತ್ತದೆ. ಸುಮಾರು 1,700 ಅಡಿ ಎತ್ತರದ ಈ ಏಕಶಿಲೆಯೇ ಗಡಾಯಿಕಲ್ಲು. ಇತಿಹಾಸದ ಪುಸ್ತಕಗಳಲ್ಲಿ ಇದು ಜಮಾಲಾಬಾದ್ ಕೋಟೆ, ಅದಕ್ಕೂ ಹಿಂದಿನ ಹೆಸರು ನರಸಿಂಹಗಡ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಬರುವವರಲ್ಲಿ ಹೆಚ್ಚಿನವರ ಪಟ್ಟಿಯಲ್ಲಿ ದೇವಸ್ಥಾನ, ಬಸದಿಗಳೇ ಇರುತ್ತವೆ. ಅವು ಇರಲಿ, ಇರಲೇಬೇಕು. ಆದರೆ ಈ ಸೀಮೆಯನ್ನು ರೂಪಿಸಿದ್ದು ಘಟ್ಟದಿಂದ ಇಳಿಯುವ ಹೊಳೆಗಳು. ಅವು ಹರಿಯುವ ಪರಿಯನ್ನು ನೋಡಬೇಕಾದರೆ ಎತ್ತರಕ್ಕೆ ಹತ್ತಬೇಕು. ಅದಕ್ಕೆ ಎರಡು ದಿನ ಸಾಕು.

ಮೊದಲ ಬೆಳಗು ಗಡಾಯಿಕಲ್ಲಿಗೇ ಮೀಸಲಾಗಲಿ. ಬೆಳ್ತಂಗಡಿಯಿಂದ ಸುಮಾರು 8 ಕಿ.ಮೀ. ದೂರ, ಲಾಯಿಲ ದಾಟಿ ಕಿಲ್ಲೂರು ರಸ್ತೆಯಲ್ಲಿ ಹೋದರೆ ನಡ ಗ್ರಾಮದ ಮಂಜೊಟ್ಟಿ ಸಿಗುತ್ತದೆ. ಸ್ವಂತ ವಾಹನ ಇಲ್ಲದವರಿಗೆ ಬೆಳ್ತಂಗಡಿಯಿಂದ ರಿಕ್ಷಾ ಅನುಕೂಲ. ಹಿಂದಿನ ರಾತ್ರಿ ಬೆಳ್ತಂಗಡಿ, ಉಜಿರೆ ಅಥವಾ ಧರ್ಮಸ್ಥಳದಲ್ಲಿ ಉಳಿದುಕೊಂಡರೆ ಬಿಸಿಲೇರುವ ಮೊದಲೇ ಬುಡ ತಲುಪಬಹುದು. ಇದು 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿ.ಮೀ. ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚು. ಹಾಗಾಗಿ ಅರಣ್ಯ ಇಲಾಖೆಯ ಟಿಕೆಟ್ ಬೇಕು. ನಿಯಮ, ಶುಲ್ಕ, ಸಮಯ ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ವನ್ಯಜೀವಿ ವಿಭಾಗದ ಬೆಳ್ತಂಗಡಿ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಬುಡದ ಕಾಡು ದಾಟಿದರೆ ಮೆಟ್ಟಿಲುಗಳು ಶುರು. ಬಂಡೆಯನ್ನೇ ಕಡಿದು ಮಾಡಿದ ಇವು 1,800ಕ್ಕೂ ಹೆಚ್ಚಿವೆ ಎಂಬುದು ಊರವರ ಲೆಕ್ಕ. ಕೆಲವು ಮೊಣಕಾಲೆತ್ತರ, ಕೆಲವು ಪಾದ ಇಡಲಷ್ಟೇ ಅಗಲ. ನಿಂತು ನಿಂತು ಹತ್ತುವವರಿಗೆ ಎರಡು ತಾಸು ಹಿಡಿಯುತ್ತದೆ. ಮೇಲೆ ಹೋಗಲು ದಾರಿ ಇದೊಂದೇ. ಟಿಪ್ಪು ಸುಲ್ತಾನ್ 1794ರಲ್ಲಿ ಇಲ್ಲಿ ತಾಯಿಯ ಹೆಸರಿನ ಕೋಟೆ ಕಟ್ಟಿಸಿದ್ದಕ್ಕೂ ಈ ಒಂಟಿ ದಾರಿಯೇ ಕಾರಣ ಎನ್ನಬಹುದು: ಬೆರಳೆಣಿಕೆಯ ಕಾವಲುಗಾರರಿದ್ದರೂ ದೊಡ್ಡ ದಂಡನ್ನು ತಡೆಯಬಹುದಿತ್ತು. ಆದರೆ ಅದೇ ಬಲ ಮುಂದೆ ದೌರ್ಬಲ್ಯವೂ ಆಯಿತು. 1801ರಲ್ಲಿ ಈ ಕಡೆ ಬಂದ ಫ್ರಾನ್ಸಿಸ್ ಬುಕಾನನ್ ಇದನ್ನು ಸರಿಯಾಗಿ ಗುರುತಿಸಿದ್ದ: ಮೇಲೇರುವುದು ಎಷ್ಟು ಕಷ್ಟವೋ, ಶತ್ರುವಿನ ಎದುರು ಕೆಳಗಿಳಿಯುವುದೂ ಅಷ್ಟೇ ಕಷ್ಟ, ಆದ್ದರಿಂದ ಸಣ್ಣ ತುಕಡಿಯೊಂದು ಬುಡದಲ್ಲಿ ಕೂತರೆ ಮೇಲಿನವರು ಸೆರೆಯಾದಂತೆಯೇ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೋಟೆ ಬ್ರಿಟಿಷರ ವಶವಾಯಿತು, ಬೇಗನೆ ದಂಗೆಕೋರರ ಕೈಗೆ ಹೋಯಿತು, 1800ರಲ್ಲಿ ಮತ್ತೆ ಬ್ರಿಟಿಷರಿಗೆ ದಕ್ಕಿತು. ಏದುಸಿರು ಬಿಡುತ್ತಾ ಹತ್ತುವವರಿಗೆ ಈ ಕಥೆ ತಾನಾಗಿ ಅರ್ಥವಾಗುತ್ತದೆ.

ನೆತ್ತಿಯ ಮೇಲೆ ಈಗ ಉಳಿದಿರುವುದು ಕುಸಿದ ಗೋಡೆಗಳು, ಹಳೆಯ ಕಟ್ಟಡದ ಅವಶೇಷ, ಮಳೆನೀರು ನಿಲ್ಲುವ ಹೊಂಡ. ಕೋಟೆಯನ್ನಷ್ಟೇ ನೋಡಲು ಹತ್ತಿದವರಿಗೆ ನಿರಾಸೆಯಾದೀತು. ಇಲ್ಲಿ ನೋಡಬೇಕಾದ್ದು ಸುತ್ತಲಿನ ನೋಟ. ಒಂದು ಕಡೆ ಕುದುರೆಮುಖದ ಸಾಲು ಗೋಡೆಯಂತೆ ನಿಂತಿದೆ. ನೇತ್ರಾವತಿ ಹುಟ್ಟುವುದು ಆ ಬೆಟ್ಟಗಳಲ್ಲೇ. ಇನ್ನೊಂದು ಕಡೆ ತೋಟ, ಗದ್ದೆ, ಹೆಂಚಿನ ಮನೆಗಳ ನಡುವೆ ಸೋಮಾವತಿಯಂಥ ಉಪನದಿಗಳು ಹರಿಯುವ ಬಯಲು. ಚಾರ್ಮಾಡಿ ಕಡೆಯಿಂದ ಬರುವ ಮೃತ್ಯುಂಜಯ ಹೊಳೆ ಪಜಿರಡ್ಕದಲ್ಲಿ ನೇತ್ರಾವತಿಯನ್ನು ಸೇರುತ್ತದೆ. 2019ರ ಆಗಸ್ಟಿನಲ್ಲಿ ಇದೇ ಹೊಳೆಗಳು ಉಕ್ಕಿ ತಾಲೂಕಿನ ಮನೆ, ತೋಟ, ಸೇತುವೆಗಳನ್ನು ಕೊಚ್ಚಿದ್ದವು. ಆ ನೀರು ಎಷ್ಟು ಕಡಿದಾದ ಇಳಿಜಾರಿನಿಂದ ಧುಮುಕಿ ಬಂತು ಎಂಬುದು ಇಲ್ಲಿ ನಿಂತವರಿಗೆ ಒಂದೇ ನೋಟಕ್ಕೆ ಮನದಟ್ಟಾಗುತ್ತದೆ.

ಮಳೆಗಾಲದಲ್ಲಿ ಈ ಬಂಡೆಯ ಸಹವಾಸ ಬೇಡ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆ ಇದು. ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿದರೆ ಹಿಡಿಯಲು ಏನೂ ಸಿಗದು. ಮಳೆಗಾಲದಲ್ಲಿ ಇಲಾಖೆ ಪ್ರವೇಶ ನಿಷೇಧಿಸುವುದೂ ಉಂಟು. ಮಾರ್ಚ್ ದಾಟಿದರೆ ಕಲ್ಲು ಕಾದು ನಡಿಗೆ ಹಿಂಸೆಯಾಗುತ್ತದೆ. ನವೆಂಬರ್‌ನಿಂದ ಜನವರಿಯ ತನಕ ಹಿತ. ಹಿಡಿತವಿರುವ ಶೂ, ತಲೆಗೆ ಟೋಪಿ, ತಲಾ ಎರಡು ಲೀಟರ್ ನೀರು ಇರಲಿ. ಮೇಲೆ ಕುಡಿಯುವ ನೀರಿಲ್ಲ. ಇಳಿಯುವಾಗ ಮಂಡಿಗೆ ಹೆಚ್ಚು ನೋವು, ಅದಕ್ಕೂ ಶಕ್ತಿ ಉಳಿಸಿಕೊಳ್ಳಬೇಕು. ಪುಟ್ಟ ಮಕ್ಕಳನ್ನೂ ಮಂಡಿನೋವಿನ ಹಿರಿಯರನ್ನೂ ಒತ್ತಾಯಿಸಿ ಕರೆತರಬಾರದು. ಅವರಿಗೆ ಮುಂದಿನ ಎರಡು ಬೆಟ್ಟಗಳು ಸುಲಭ.

ಊಟ ಮುಗಿಸಿ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಬಂಟ್ವಾಳದ ಕಡೆ ಇಳಿದರೆ ವಗ್ಗದಲ್ಲಿ ಕಾರಿಂಜದ ದಾರಿ ಸಿಗುತ್ತದೆ. ಕಾವಳಮೂಡೂರಿನ ಈ ಬೆಟ್ಟದ ನಡುವೆ ಪಾರ್ವತಿಯ ಗುಡಿ, ತುದಿಯಲ್ಲಿ ಕಾರಿಂಜೇಶ್ವರ. ಬುಡದ ಗದಾತೀರ್ಥ ಭೀಮನ ಗದೆಯಿಂದ ಆದದ್ದೆಂಬುದು ನಂಬಿಕೆ. ಮಧ್ಯಾಹ್ನದ ಪೂಜೆಯ ಬಳಿಕ ಮಂಗಗಳಿಗೆ ನೈವೇದ್ಯದ ಅನ್ನ ಹಾಕುವ ಪದ್ಧತಿ ಇಲ್ಲಿದೆ. ಹಾಗಾಗಿ ಕೈಯಲ್ಲಿ ಹಣ್ಣು, ಚೀಲ ತೂಗಿಸಿಕೊಂಡು ಹೋಗದಿರುವುದೇ ಕ್ಷೇಮ. ದೇವರ ದರ್ಶನವೇ ಮುಖ್ಯ ಎನ್ನುವವರು ಗಡಾಯಿಕಲ್ಲನ್ನು ಬಿಟ್ಟು ಬೆಳಿಗ್ಗೆಯೇ ಇಲ್ಲಿಗೆ ಬರಲಿ.

ರಾತ್ರಿ ಬಿ.ಸಿ.ರೋಡಿನಲ್ಲಿ ತಂಗಿ, ಮರುದಿನ ಪಾಣೆಮಂಗಳೂರು ದಾಟಿ ನರಹರಿ ಪರ್ವತಕ್ಕೆ. ಶಂಖ, ಚಕ್ರ, ಗದಾ, ಪದ್ಮದ ಹೆಸರಿನ ತೀರ್ಥಕುಂಡಗಳಿರುವ ಸದಾಶಿವನ ಕ್ಷೇತ್ರ ಇದು. ಆಟಿ ಅಮಾವಾಸ್ಯೆಯಂದು ತೀರ್ಥಸ್ನಾನಕ್ಕೆ ಜನ ಸೇರುತ್ತಾರೆ. ಮುಂಜಾವದ ಮಂಜು ಕರಗಿದ ಮೇಲೆ ಕೆಳಗೆ ನೇತ್ರಾವತಿ ಕಾಣುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂದ ಇದು ಈಗ ಅಗಲವಾದ, ಸಾವಕಾಶದ ನದಿ. 1923ರಲ್ಲೂ 1974ರಲ್ಲೂ ಬಂಟ್ವಾಳ ಪೇಟೆಯನ್ನು ಮುಳುಗಿಸಿದ್ದು ಇದೇ. ನದಿಯ ಎರಡೂ ಮುಖ ನೋಡಿದ ಮೇಲೆ ಪಕ್ಕದ ಕಲ್ಲಡ್ಕದಲ್ಲಿ ಕೆ.ಟಿ. ಕುಡಿಯದೆ ಮುಂದೆ ಹೋಗಬಾರದು. ಲೋಟದಲ್ಲಿ ಹಾಲು, ಡಿಕಾಕ್ಷನ್ ಬೆರೆಯದೆ ಪದರ ಪದರವಾಗಿ ನಿಲ್ಲುವ ಚಹಾ ಅದು.

ಉಳಿದ ಅರ್ಧ ದಿನ ಮೂಡುಬಿದಿರೆಗೆ. ಬಂಟ್ವಾಳದಿಂದ ಸಿದ್ದಕಟ್ಟೆ ಮೂಲಕ ನೇರ ರಸ್ತೆ ಇದೆ. 1430ರ ಸಾವಿರ ಕಂಬದ ಬಸದಿಯನ್ನು ನಿಧಾನವಾಗಿ ನೋಡಬೇಕು. ಸಮಯ ಉಳಿದರೆ ವೇಣೂರಿಗೆ ಹೋಗಬಹುದು. ಅಲ್ಲಿ ಫಲ್ಗುಣಿ ದಂಡೆಯಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಬಾಹುಬಲಿ ಇದ್ದಾನೆ. 2024ರಲ್ಲಿ ಅವನಿಗೆ ಮಹಾಮಸ್ತಕಾಭಿಷೇಕ ನಡೆಯಿತು.

ಬೆಂಗಳೂರಿನ ಕಡೆಯವರು ಮಂಗಳೂರಿನ ರೈಲಿನಲ್ಲಿ ಬಂಟ್ವಾಳ ನಿಲ್ದಾಣದಲ್ಲೇ ಇಳಿಯಬಹುದು. ಬಿ.ಸಿ.ರೋಡಿನಲ್ಲಿ ಧರ್ಮಸ್ಥಳದ ಬಸ್ಸು ಹತ್ತಿದರೆ ಬೆಳ್ತಂಗಡಿಗೆ ಸುಮಾರು ಒಂದು ತಾಸು. ಮೂರೂ ಬೆಟ್ಟಗಳಲ್ಲಿ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ ಬಿಟ್ಟುಬರುವವರಿಂದ ಕಾಡಿಗೂ ಹೊಳೆಗೂ ಕೇಡು. ಹತ್ತಿಸಿದ್ದನ್ನೆಲ್ಲ ದಯವಿಟ್ಟು ಇಳಿಸಿಕೊಂಡು ಬನ್ನಿ.