ಹಳೆಯ ಮರಗೆಲಸದ ಯಂತ್ರ: ಕೊಳ್ಳುವ ಮುಂಚೆ ಪುಲ್ಲಿ ಅಳೆಯಿರಿ

ತೋಟದಲ್ಲಿ ಹಲಸು, ಮಾವು, ಹೆಬ್ಬಲಸು ಇರುವವರಿಗೆ ಒಂದು ಕಂಬೈಂಡ್ ಮೆಷಿನ್ ಬಹಳ ಉಪಕಾರಿ. ಹಲಗೆ ಕೀಸುವುದು, ದಪ್ಪ ಸಮ ಮಾಡುವುದು, ಸೀಳುವುದು, ತೂತು ಕೊರೆಯುವುದು ಎಲ್ಲವೂ ಒಂದರಲ್ಲೇ ಆಗುತ್ತದೆ. ಹೊಸತಕ್ಕೆ ದುಡ್ಡು ಸಾಲದೆ, ಬಾಗಿಲು ಮುಚ್ಚಿದ ಒಂದು ಮರಗೆಲಸದ ಶೆಡ್ಡಿನಿಂದ ನಾನು ಹಳೆಯದನ್ನು ತಂದೆ. ಬಣ್ಣ ಹೊಡೆದು ಚಂದ ಮಾಡಿದ್ದರು. ಅದಕ್ಕೇ ಮರುಳಾದೆ ಅನ್ನಿ.

ಸ್ವಿಚ್ ಹಾಕಿದಾಗ ಅದು ಕಿರುಚಿದ ಸ್ವರ ಕೇಳಿ ನಮ್ಮ ಆಚಾರಿಯವರು "ಮೊದಲು ಬಂದ್ ಮಾಡಿ ಭಾವಾ" ಎಂದು ಹೊರಗೆ ಓಡಿದರು. ಮೋಟರಿನ ತಗಡು ಒರೆಸಿ ನೋಡಿದರೆ ನಿಮಿಷಕ್ಕೆ 2880 ಸುತ್ತು. ಮೋಟರಿನ ಪುಲ್ಲಿ 9 ಇಂಚು, ಬ್ಲೇಡು ಕೂರಿಸುವ ಕಟ್ಟರ್ ಬ್ಲಾಕಿನದ್ದು 3 ಇಂಚು. ಮೋಟರಿನ ಸುತ್ತನ್ನು ಅದರ ಪುಲ್ಲಿಯ ಅಳತೆಯಿಂದ ಗುಣಿಸಿ, ಬ್ಲಾಕಿನ ಪುಲ್ಲಿಯಿಂದ ಭಾಗಿಸಿ. 8640! ಇಂಥ ಯಂತ್ರಗಳಲ್ಲಿ ಬ್ಲಾಕು ಸಾಮಾನ್ಯವಾಗಿ ನಾಲ್ಕರಿಂದ ಆರು ಸಾವಿರ ಸುತ್ತು ತಿರುಗುವುದು. ಹಿಂದೆ 1440ರ ಮೋಟರ್ ಇದ್ದಿರಬೇಕು, ಆಗ ಲೆಕ್ಕ 4320 ಬರುತ್ತದೆ. ಅದು ಸುಟ್ಟಾಗ ಯಾರೋ ಕೈಗೆ ಸಿಕ್ಕಿದ್ದನ್ನು ಕೂರಿಸಿ, ಪುಲ್ಲಿ ಮಾತ್ರ ಬದಲಿಸಿರಲಿಲ್ಲ. ಗರಗಸದ ಚಕ್ರವೂ ಅದೇ ಶಾಫ್ಟಿನ ತುದಿಗೆ. ಬ್ಲಾಕು ಬಿಚ್ಚಿದರೆ ಬ್ಲೇಡು ಒತ್ತಿ ಹಿಡಿಯುವ ಬೋಲ್ಟುಗಳಲ್ಲಿ ಎರಡರ ಥ್ರೆಡ್ಡು ಸವೆದು ಹೋಗಿತ್ತು. ಇನ್ನು ಸ್ವಲ್ಪ ಹೊತ್ತು ಓಡಿದ್ದರೆ ಆ ಬ್ಲೇಡು ಯಾರ ಮೈಗೆ ಬರುತ್ತಿತ್ತೋ.

ಮೋಟರಿಗೆ ನಾಲ್ಕೂವರೆ ಇಂಚಿನ ಪುಲ್ಲಿ, ಅದಕ್ಕೆ ತಕ್ಕ ಗಿಡ್ಡ ಬೆಲ್ಟು, ಹೊಸ ಬೋಲ್ಟು ಹಾಕಿಸಿದೆ. ಈಗ ಸರಿಯಾಗಿದೆ.

ಆದ್ದರಿಂದ ಕೊಳ್ಳಲು ಹೋಗುವಾಗ ಟೇಪು ಕಿಸೆಯಲ್ಲಿರಲಿ. ಕಟ್ಟರ್ ಬ್ಲಾಕು ಉರುಟಾಗಿದೆಯೋ ನೋಡಿ. ತೀರಾ ಹಳೆಯವುಗಳಲ್ಲಿ ಚೌಕದ ಬ್ಲಾಕು ಇರುತ್ತದೆ. ಮೇಜಿಗೂ ಅದಕ್ಕೂ ನಡುವೆ ಬಾಯಿ ದೊಡ್ಡದು, ಬೆರಳು ಸಿಕ್ಕಿದರೆ ಎಳೆದೇ ಬಿಡುತ್ತದೆ. ಎಷ್ಟು ಅಗ್ಗವಾದರೂ ಅದು ಬೇಡ. ಕರೆಂಟು ತಪ್ಪಿಸಿ, ಬೆಲ್ಟು ಕಳಚಿ, ಬಟ್ಟೆ ಸುತ್ತಿದ ಕೈಯಲ್ಲಿ ಬ್ಲಾಕನ್ನು ಮೇಲೆ ಕೆಳಗೆ ಅಲುಗಿಸಿ. ಕುಲುಕಿದರೆ, ತಿರುಗಿಸುವಾಗ ಕರಕರ ಅಂದರೆ ಬೇರಿಂಗ್ ಹೋಗಿದೆ. ಅದಕ್ಕೆ ಹೆದರಬೇಡಿ. 6205, 6206 ಎಂದು ಅಂಚಿನಲ್ಲೇ ಕೊರೆದಿರುತ್ತದೆ. ಕೊನೆಯ ಎರಡಂಕಿಯನ್ನು 5ರಿಂದ ಗುಣಿಸಿದರೆ ಒಳತೂತಿನ ಅಳತೆ: 25, 30 ಮಿ.ಮೀ. ಆ ನಂಬರ್ ಹೇಳಿದರೆ ಪೇಟೆಯಲ್ಲಿ ಸಿಗುತ್ತದೆ. ಮೇಜು ಒಡೆದು ಬೆಸುಗೆ ಹಾಕಿದ್ದರೆ ಮಾತ್ರ ಬಿಟ್ಟು ಬನ್ನಿ.

ಬ್ಲೇಡುಗಳನ್ನು ಯಾವಾಗಲೂ ಜೋಡಿಯಾಗಿಯೇ ಸಾಣೆ ಹಿಡಿಸಬೇಕು. ಆಮೇಲೆ ತಕ್ಕಡಿಯ ಎರಡು ತಟ್ಟೆಯಲ್ಲಿ ಒಂದೊಂದಿಡಿ. ತೂಕ ಸಮ ಇಲ್ಲದಿದ್ದರೆ ಯಂತ್ರ ನಡುಗುತ್ತದೆ. ಕೂರಿಸಿದ ಮೇಲೆ, ಹಲಗೆ ಹೊರಬರುವ ಬದಿಯ ಮೇಜಿನಲ್ಲಿ ನೆಟ್ಟಗಿನ ಮರದ ಪಟ್ಟಿಯನ್ನು ಬ್ಲಾಕಿನ ಮೇಲೆ ಚಾಚುವಂತೆ ಇಟ್ಟು, ಬ್ಲಾಕನ್ನು ಕೈಯಿಂದ ನಿಧಾನ ತಿರುಗಿಸಿ. ಪ್ರತಿ ಬ್ಲೇಡೂ ಪಟ್ಟಿಯನ್ನು ಸುಮಾರು 3 ಮಿ.ಮೀ. ಸರಿಸಬೇಕು. ಒಂದು ಸರಿಸಿ ಇನ್ನೊಂದು ಸುಮ್ಮನಿದ್ದರೆ ಎತ್ತರ ಸಮವಿಲ್ಲ. ಈ ಕೆಲಸಕ್ಕೆ ಕೈ ಹಾಕುವ ಮುಂಚೆ ಮೇನಿನ ಫ್ಯೂಸು ಕಳಚಿ ನಿಮ್ಮ ಕಿಸೆಗೇ ಹಾಕಿಕೊಳ್ಳಿ, ಮನೆಯವರ ಮಾತಿನ ಮೇಲೆ ಬಿಡಬೇಡಿ. ಅಡಿಕೆ ಸಲಾಕೆ ಕೀಸಿದರೆ ಬ್ಲೇಡು ಬೇಗ ಮೊಂಡಾಗುತ್ತದೆ, ಅದನ್ನು ಕೊನೆಗಿಟ್ಟುಕೊಳ್ಳಿ. ಬೇಲಿಗೆ ಬಳಸಿದ ಹಳೆ ಮರದಲ್ಲಿ ಮೊಳೆ ಹುಡುಕಿ ತೆಗೆಯದೆ ಯಂತ್ರಕ್ಕೆ ಕೊಡಬೇಡಿ.

ನಮ್ಮ ಕಡೆ ಮಳೆಗಾಲದ್ದೇ ದೊಡ್ಡ ತೊಂದರೆ. ಮರದ ಹುಡಿ ಪಸೆ ಹೀರಿ, ರಾತ್ರಿ ಕಳೆಯುವುದರೊಳಗೆ ಮೇಜಿಗೆ ತುಕ್ಕು ಹಿಡಿಸುತ್ತದೆ. ಕೆಲಸ ಮುಗಿದೊಡನೆ ಗುಡಿಸಿ, ಒಣಬಟ್ಟೆಯಿಂದ ಒರೆಸಿ, ಮೇಣದ ಬತ್ತಿ ಉಜ್ಜಿ. ಎಣ್ಣೆ ಬಳಿದರೆ ಹಲಗೆಗೆ ಕಲೆ. ಮೇಜು ಏರಿಸುವ ತಿರುಪಿಗೆ ಗ್ರೀಸು ಮೆತ್ತಬೇಡಿ, ಹುಡಿ ಸೇರಿ ಮಣ್ಣಿನಂತೆ ಗಟ್ಟಿಯಾಗುತ್ತದೆ. ಚಿಮಿಣಿ ಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಎರಡು ಹನಿ ಸಾಕು.

ತ್ರೀ ಫೇಸಿನವರು ಒಂದು ನೆನಪಿಡಿ. ಲೈನ್ ರಿಪೇರಿಯಾದ ಮೇಲೆ ಫೇಸು ಅದಲು ಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ. ಚಕ್ರದ ನಟ್ಟೇ ಸಡಿಲಬಹುದು. ಮರ ಇಡದೆ ಕ್ಷಣಹೊತ್ತು ಸ್ವಿಚ್ ಹಾಕಿ ನೋಡಿ. ಉಲ್ಟಾ ಆದರೆ ಯಾವುದಾದರೂ ಎರಡು ವಯರು ಬದಲಿಸಿಸಿ.

ಸಣ್ಣ ತುಂಡನ್ನು ಕೈಯಿಂದ ತಳ್ಳಬಾರದು. ಹಲಸಿನ ಗೆಲ್ಲಿನ ತಳ್ಳುಕೋಲೊಂದನ್ನು ಹಗ್ಗ ಹಾಕಿ ಯಂತ್ರಕ್ಕೇ ಕಟ್ಟಿದ್ದೇನೆ. ಮೊದಲಿನ ಎರಡು ಬಚ್ಚಲ ಒಲೆಗೆ ಹೋಗಿದ್ದವು.